ಮನೆಯಲ್ಲಿ ಸಾವಾದ ಮೇಲೆ ಆಸರೆ ಎಲ್ಲಿ ಸಿಗುತ್ತದೆ? ಪದೇ ಪದೇ ಕೇಳುವ ಪ್ರಶ್ನೆಗಳು

ಹತ್ತಿರದವರನ್ನು ಕಳೆದುಕೊಂಡವರು ಮತ್ತು ಅವರ ಜೊತೆಗಿರುವವರು ಮತ್ತೆ ಮತ್ತೆ ಕೇಳುವ ಪ್ರಶ್ನೆಗಳು ಇಲ್ಲಿವೆ. ಹೆಚ್ಚಿನವು ಕರ್ನಾಟಕದಲ್ಲಿ ಇರುವವರಿಗೆ. ಪೂರ್ತಿ ಓದುವಷ್ಟು ತಾಳ್ಮೆ ಈಗ ಇಲ್ಲ ಅಂದರೆ ಇಷ್ಟು ಸಾಕು: ಮನಸ್ಸಿನ ಕಷ್ಟ ಹೇಳಿಕೊಳ್ಳಲು ಟೆಲಿ ಮನಸ್ ಸಹಾಯವಾಣಿ, ನಂಬರ್ 14416. ದುಡ್ಡು ಕೊಡಬೇಕಿಲ್ಲ, ಹಗಲು ರಾತ್ರಿ ಯಾವಾಗ ಬೇಕಾದರೂ ಕನ್ನಡದಲ್ಲೇ ಮಾತಾಡಬಹುದು. ಬದುಕೇ ಬೇಡ ಅನ್ನಿಸುತ್ತಿದ್ದರೆ ಮುಂದೆ ಓದಬೇಡಿ, ಮೊದಲು ಆ ಫೋನ್ ಮಾಡಿ, ಮನೆಯಲ್ಲಿ ಯಾರನ್ನಾದರೂ ಪಕ್ಕದಲ್ಲಿ ಕೂರಿಸಿಕೊಳ್ಳಿ. ಪ್ರಾಣಕ್ಕೆ ಅಪಾಯ ಇದ್ದರೆ ತುರ್ತು ನಂಬರ್ 112.

ಕಾರ್ಯ ಎಲ್ಲಾ ಮುಗಿದು ನೆಂಟರು ಹೋದ ಮೇಲೆ ದುಃಖ ಇನ್ನೂ ಜಾಸ್ತಿ ಆಗಿದೆ. ಇದು ಸರಿಯಾ?

ಬಹಳ ಜನರಿಗೆ ಹೀಗೇ ಆಗುತ್ತದೆ. ಮೊದಲ ದಿನಗಳಲ್ಲಿ ಮನೆ ತುಂಬಾ ಜನ. ಹಾಲು-ತುಪ್ಪ, ಹನ್ನೊಂದನೇ ದಿನ, ವೈಕುಂಠ ಸಮಾರಾಧನೆ, ಕರಾವಳಿಯಲ್ಲಿ ಬೊಜ್ಜ, ಲಿಂಗಾಯತರ ಮನೆಯಲ್ಲಿ ಶಿವಗಣಾರಾಧನೆ, ಹೀಗೆ ಒಂದಾದ ಮೇಲೊಂದು ಕೆಲಸ. ಅಡುಗೆಯವರು ಬಂದರಾ, ಶಾಮಿಯಾನ ಹಾಕಿದರಾ ಅಂತ ಓಡಾಡುವುದರಲ್ಲೇ ದಿನ ಕಳೆಯುತ್ತದೆ. ನಮ್ಮ ಹಿರಿಯರು ಈ ದಿನಗಳನ್ನು ಸುಮ್ನೆ ಮಾಡಿದ್ದಲ್ಲ. ದುಃಖದಲ್ಲಿರುವವರನ್ನು ಒಂಟಿಯಾಗಿ ಬಿಡಬಾರದು ಅನ್ನುವ ತಿಳಿವಳಿಕೆ ಅದರಲ್ಲಿದೆ. ಆದರೆ ಹದಿನಾಲ್ಕನೇ ದಿನ ಬೆಳಿಗ್ಗೆ ಮನೆಯಲ್ಲಿ ಇಬ್ಬರೋ ಒಬ್ಬರೋ ಉಳಿದಿರುತ್ತಾರೆ. ಚೇರುಗಳನ್ನು ವಾಪಸ್ ಒಯ್ದಿರುತ್ತಾರೆ. ಡಬರಿಯಲ್ಲಿ ಉಳಿದ ಸಾರು ಯಾರಿಗೂ ಬೇಡವಾಗಿರುತ್ತದೆ. ನಿಜವಾಗಿ ಜನ ಬೇಕಾಗುವುದು ಅಲ್ಲಿಂದ ಮುಂದೆ. ಈ ಹೊತ್ತಲ್ಲಿ ಸಹಾಯ ಕೇಳುವುದರಲ್ಲಿ ನಾಚಿಕೆಯ ಮಾತೇ ಇಲ್ಲ.

ಈ ದುಃಖ ಎಷ್ಟು ದಿನ ಇರುತ್ತದೆ? ಐದು ಹಂತ ದಾಟಬೇಕು ಅನ್ನುತ್ತಾರಲ್ಲ?

ನಿರಾಕರಣೆ, ಸಿಟ್ಟು, ಚೌಕಾಸಿ, ಖಿನ್ನತೆ, ಒಪ್ಪಿಕೊಳ್ಳುವುದು, ಆ ಐದು ಹಂತಗಳ ಮಾತು ಬಂದದ್ದು 1969ರಲ್ಲಿ, ಎಲಿಜಬೆತ್ ಕೂಬ್ಲರ್-ರಾಸ್ ಅನ್ನುವ ಮನೋವೈದ್ಯೆಯಿಂದ. ಅವರು ಮಾತಾಡಿಸಿದ್ದು ಸಾವಿನ ಹತ್ತಿರ ಇದ್ದ ರೋಗಿಗಳನ್ನು. ಅದನ್ನು ಹಿಂದೆ ಉಳಿದವರಿಗೂ ಅಂಟಿಸಿದ್ದು ಆಮೇಲೆ. ಹಾಗಾಗಿ 'ನನಗೆ ಸಿಟ್ಟಿನ ಹಂತ ಬರಲೇ ಇಲ್ಲ' ಅಂತ ಯಾರೂ ತಲೆ ಕೆಡಿಸಿಕೊಳ್ಳಬೇಕಾಗಿಲ್ಲ. 1999ರಲ್ಲಿ ನೆದರ್‌ಲೆಂಡ್ಸ್‌ನ ಸ್ಟ್ರೋಬೆ ಮತ್ತು ಸ್ಕಟ್ ಅನ್ನುವ ಸಂಶೋಧಕರು ಹೇಳಿದ್ದು ನಮ್ಮ ಅನುಭವಕ್ಕೆ ಹತ್ತಿರವಿದೆ. ಮನಸ್ಸು ಒಂದು ಗಳಿಗೆ ಹೋದವರ ಕಡೆ ಹೋಗುತ್ತದೆ, ಇನ್ನೊಂದು ಗಳಿಗೆ ಇವತ್ತಿನ ಕೆಲಸದ ಕಡೆ ಬರುತ್ತದೆ. ಹೀಗೆ ಹೋಗಿ ಬಂದು ಮಾಡುತ್ತಲೇ ಸುಧಾರಿಸುತ್ತದೆ. ಬೆಳಿಗ್ಗೆ ಅತ್ತು, ಮಧ್ಯಾಹ್ನ ಮೊಮ್ಮಗುವಿನ ಮಾತಿಗೆ ನಕ್ಕರೆ ನಿಮ್ಮ ಪ್ರೀತಿ ಕಡಿಮೆಯಾಯಿತು ಅಂತಲ್ಲ.

ದಿನದ ಲೆಕ್ಕ ಯಾರೂ ಕೊಡಲಾರರು. ಹೆಚ್ಚಿನವರಿಗೆ ತಿಂಗಳುಗಳು ಕಳೆದಂತೆ ತೀವ್ರತೆ ಇಳಿಯುತ್ತದೆ. ಹುಟ್ಟುಹಬ್ಬ, ಮದುವೆಯ ದಿನ, ಯುಗಾದಿ, ಮಹಾಲಯ ಅಮಾವಾಸ್ಯೆಯಲ್ಲಿ ಎಡೆ ಇಡುವ ದಿನ ಮತ್ತೆ ಉಕ್ಕಿ ಬರುತ್ತದೆ. ಅದೂ ಸಹಜವೇ.

ನನಗೆ ಅಳುವೇ ಬರುತ್ತಿಲ್ಲ. ಕಲ್ಲು ಮನಸ್ಸಾ ನನ್ನದು?

ಅಲ್ಲ. ಕೆಲವರಿಗೆ ಕಣ್ಣೀರು ಬರುವುದಿಲ್ಲ, ಮರಗಟ್ಟಿದ ಹಾಗೆ ಆಗುತ್ತದೆ. ಕೆಲವರಿಗೆ ಸಿಟ್ಟು ಬರುತ್ತದೆ, ಡಾಕ್ಟರ ಮೇಲೆ, ದೇವರ ಮೇಲೆ, ಕೊನೆಗೆ ಹೋದವರ ಮೇಲೂ. ವರ್ಷಗಟ್ಟಲೆ ಹಾಸಿಗೆ ಹಿಡಿದವರನ್ನು ನೋಡಿಕೊಂಡವರಿಗೆ ಒಂದು ಬಗೆಯ ನಿರಾಳ ಆಗುವುದೂ ಉಂಟು. ಆ ನಿರಾಳವೇ ಆಮೇಲೆ ತಪ್ಪಿತಸ್ಥ ಭಾವ ಆಗಿ ಕಾಡುತ್ತದೆ. ಇದನ್ನು ಯಾರ ಹತ್ತಿರವಾದರೂ ಬಾಯಿಬಿಟ್ಟು ಹೇಳಿ. ಮನೆಯವರ ಹತ್ತಿರ ಹೇಳಲು ಆಗದ ಮಾತಿಗೇ ಆಪ್ತಸಮಾಲೋಚಕರು ಇರುವುದು.

ಅವರು ಕರೆದ ಹಾಗೆ ಕೇಳಿಸುತ್ತದೆ, ಬಾಗಿಲಲ್ಲಿ ನಿಂತ ಹಾಗೆ ಕಾಣುತ್ತದೆ. ನನಗೆ ಹುಚ್ಚು ಹಿಡಿಯುತ್ತಿದೆಯಾ?

ಇಲ್ಲ. 1971ರಲ್ಲಿ ಬ್ರಿಟನ್ನಿನ ವೇಲ್ಸ್ ಪ್ರಾಂತ್ಯದಲ್ಲಿ ಡೀವಿ ರೀಸ್ ಅನ್ನುವ ವೈದ್ಯರು ಗಂಡನನ್ನೋ ಹೆಂಡತಿಯನ್ನೋ ಕಳೆದುಕೊಂಡ 293 ಜನರನ್ನು ವಿಚಾರಿಸಿದರು. ಹತ್ತಿರ ಹತ್ತಿರ ಅರ್ಧ ಜನ ಇಂಥದ್ದೇ ಅನುಭವ ಹೇಳಿದರು. ಹೆಚ್ಚಿನವರು ಅದನ್ನು ಅಲ್ಲಿಯವರೆಗೆ ಯಾರಿಗೂ ಹೇಳಿರಲಿಲ್ಲ. ಸಂಜೆ ಆರೂವರೆಗೆ ಗೇಟಿನ ಸದ್ದಾದರೆ 'ಬಂದರು' ಅಂತ ಎದ್ದು ನಿಲ್ಲುವುದು, ಮರೆತು ಎರಡು ಲೋಟ ಕಾಫಿ ಮಾಡುವುದು, ಇವೆಲ್ಲ ವರ್ಷಗಳ ರೂಢಿ ಬೇಗ ಬಿಡದೆ ಆಗುವಂಥವು. ಹೆದರಿಸಿ ದುಡ್ಡು ಕೀಳುವವರ ಹತ್ತಿರ ಮಾತ್ರ ಹೋಗಬೇಡಿ. ಆದರೆ ಆ ದನಿ ನಿಮಗೆ ಏನಾದರೂ ಮಾಡಿಕೊಳ್ಳಲು ಹೇಳಿದರೆ, 'ನನ್ನ ಹತ್ತಿರ ಬಾ' ಅಂತ ಕರೆದರೆ, ಅವತ್ತೇ ಮನೋವೈದ್ಯರನ್ನು ನೋಡಬೇಕು.

ಎದೆ ನೋವು, ಊಟ ಸೇರಲ್ಲ, ನಿದ್ದೆ ಇಲ್ಲ. ಇದೂ ದುಃಖದಿಂದಲೇ ಇರಬಹುದಾ?

ನಿದ್ದೆ, ಹಸಿವು, ಸುಸ್ತು, ಮರೆವು ದುಃಖದಿಂದ ಆಗುತ್ತವೆ. ಎದೆ ನೋವನ್ನು ಮಾತ್ರ 'ದುಃಖಕ್ಕೆ ಇರಬೇಕು' ಅಂತ ಬಿಡಬೇಡಿ. ಹತ್ತಿರದವರು ತೀರಿಕೊಂಡ ಮೊದಲ ದಿನಗಳಲ್ಲಿ ಹೃದಯಾಘಾತದ ಅಪಾಯ ನಿಜವಾಗಿಯೂ ಏರುತ್ತದೆ. ದೊಡ್ಡ ಆಘಾತದಿಂದ ಹೃದಯದ ಸ್ನಾಯು ಹಠಾತ್ತನೆ ಸೋಲುವ, ಟಕೋಟ್ಸುಬೊ ಅನ್ನುವ ತೊಂದರೆಯೂ ಇದೆ. ಬಿಪಿ, ಶುಗರ್ ಮಾತ್ರೆ ತಪ್ಪಿಸಬೇಡಿ. ಮನೆಯಲ್ಲಿ ವಯಸ್ಸಾದ ಅಮ್ಮನೋ ಅಪ್ಪನೋ ಉಳಿದಿದ್ದರೆ ಮಾತ್ರೆ ಡಬ್ಬಿಯನ್ನು ನೀವೇ ದಿನಾ ನೋಡಿ. ಅದುವರೆಗೆ ಮಾತ್ರೆ ನೆನಪಿಸುತ್ತಿದ್ದವರೇ ಹೋಗಿರಬಹುದು. ನಿದ್ದೆ ಮಾತ್ರೆಯನ್ನು ಮೆಡಿಕಲ್ ಶಾಪಿನಿಂದ ನೀವಾಗಿಯೇ ತಂದುಕೊಳ್ಳಬೇಡಿ, ಪಕ್ಕದ ಮನೆಯವರು ಕೊಟ್ಟರೂ ಬೇಡ.

ಯಾವಾಗ ವೈದ್ಯರನ್ನು ನೋಡಲೇಬೇಕು?

ದುಃಖ ಕಾಯಿಲೆ ಅಲ್ಲ. ಬಹುಪಾಲು ಜನರಿಗೆ ಬೇಕಾಗುವುದು ಜೊತೆ, ಚಿಕಿತ್ಸೆ ಅಲ್ಲ. ಆದರೆ ಒಂದಷ್ಟು ಜನರಿಗೆ ಕಾಲ ಸರಿದರೂ ಅದು ಸಡಿಲವಾಗುವುದಿಲ್ಲ. ದಿನದ ಬಹುಪಾಲು ಹೊತ್ತು ಅದೇ ಹಂಬಲ, ಮನೆ ಕೆಲಸ, ಕಚೇರಿ ಕೆಲಸ ಯಾವುದೂ ಸಾಗುವುದಿಲ್ಲ, ಬದುಕಿಗೆ ಅರ್ಥವೇ ಇಲ್ಲ ಅನ್ನಿಸುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ರೋಗಪಟ್ಟಿ ಇಂಥ ಸ್ಥಿತಿ 6 ತಿಂಗಳು ದಾಟಿದರೆ ಅದನ್ನು ಚಿಕಿತ್ಸೆ ಬೇಕಾದ ದೀರ್ಘ ಶೋಕ ಅಂತ ಗುರುತಿಸುತ್ತದೆ. ಅಮೆರಿಕದ ಮನೋವೈದ್ಯರ ಕೈಪಿಡಿ 2022ರಿಂದ ದೊಡ್ಡವರಿಗೆ 12 ತಿಂಗಳು, ಮಕ್ಕಳಿಗೆ 6 ತಿಂಗಳು ಅನ್ನುತ್ತದೆ. ಇದಕ್ಕೆಂದೇ ಮಾತಿನ ಚಿಕಿತ್ಸೆ ಇದೆ, ಅದರಿಂದ ಗುಣ ಕಾಣುತ್ತದೆ.

ಆ ತಿಂಗಳುಗಳು ತುಂಬಲಿ ಅಂತ ಕಾಯಬೇಕಾಗಿಲ್ಲ. ಸಾಯುವ ಯೋಚನೆ ಬಂದರೆ, ಊಟ-ಸ್ನಾನ ಪೂರ್ತಿ ಬಿಟ್ಟರೆ, ಕುಡಿತ ಏರಿದರೆ ಮೊದಲ ವಾರವೇ ಆದರೂ ಹೋಗಿ.

14416ಕ್ಕೆ ಫೋನ್ ಮಾಡಿದರೆ ಏನಾಗುತ್ತದೆ?

ಟೆಲಿ ಮನಸ್ ಕೇಂದ್ರ ಸರ್ಕಾರದ ಸೇವೆ. 2022ರ ಅಕ್ಟೋಬರ್ 10ರಂದು ಶುರುವಾಯಿತು. ದೇಶಕ್ಕೆಲ್ಲ ಇದರ ಮಾರ್ಗದರ್ಶನ ಬೆಂಗಳೂರಿನ ನಿಮ್ಹಾನ್ಸ್‌ನದ್ದು. ಫೋನ್ ಎತ್ತಿದ ಕೂಡಲೇ ಭಾಷೆ ಆರಿಸಲು ಹೇಳುತ್ತದೆ. ಆಮೇಲೆ ತರಬೇತಿ ಪಡೆದ ಸಮಾಲೋಚಕರು ಮಾತಾಡುತ್ತಾರೆ. ಹೆಚ್ಚಿನ ಸಹಾಯ ಬೇಕು ಅನ್ನಿಸಿದರೆ ಮನಶ್ಶಾಸ್ತ್ರಜ್ಞರಿಗೋ ಮನೋವೈದ್ಯರಿಗೋ ದಾಟಿಸುತ್ತಾರೆ, ಹತ್ತಿರದ ಆಸ್ಪತ್ರೆಯನ್ನೂ ಹೇಳುತ್ತಾರೆ. ಆ ನಂಬರ್ ಸಿಗದಿದ್ದರೆ 1800-891-4416.

ಏನು ಹೇಳಬೇಕು ಅಂತ ಗೊತ್ತಾಗದೆ ಫೋನ್ ಇಟ್ಟುಬಿಡುವವರು ಇದ್ದಾರೆ. 'ನಮ್ಮ ಯಜಮಾನರು ತೀರಿಕೊಂಡು ಎರಡು ತಿಂಗಳಾಯ್ತು, ರಾತ್ರಿ ನಿದ್ದೆ ಬರಲ್ಲ' ಅಂತ ಒಂದು ಮಾತು ಹೇಳಿದರೆ ಸಾಕು. ಮಧ್ಯೆ ಅಳು ಬಂದರೆ ಅಳಿ, ಅವರು ಕಾಯುತ್ತಾರೆ. ಮೊದಲ ಸಲ ಮಾತು ಹೊಂದಲಿಲ್ಲ ಅಂದರೆ ಇನ್ನೊಂದು ದಿನ ಮಾಡಿ ನೋಡಿ, ಬೇರೆಯವರು ಸಿಗುತ್ತಾರೆ.

ನಮ್ಮದು ಹಳ್ಳಿ. ಇಲ್ಲಿ ಯಾರಿದ್ದಾರೆ?

ಮೊದಲು ನಿಮ್ಮೂರಿನ ಆಶಾ ಕಾರ್ಯಕರ್ತೆಯನ್ನು ಕೇಳಿ. ಯಾರ ಮನೆಯಲ್ಲಿ ಏನಾಗಿದೆ ಅಂತ ಅವರಿಗೆ ಗೊತ್ತಿರುತ್ತದೆ, ಎಲ್ಲಿ ಯಾವ ದಿನ ಡಾಕ್ಟರ್ ಬರುತ್ತಾರೆ ಅಂತಲೂ ಗೊತ್ತಿರುತ್ತದೆ. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ತಂಡ ಜಿಲ್ಲೆಗಳಲ್ಲಿದೆ. 1980ರ ದಶಕದಲ್ಲಿ ನಿಮ್ಹಾನ್ಸ್ ನಮ್ಮ ಬಳ್ಳಾರಿ ಜಿಲ್ಲೆಯಲ್ಲಿ ಮಾಡಿ ನೋಡಿದ್ದನ್ನೇ ಮಾದರಿಯಾಗಿ ಇಟ್ಟುಕೊಂಡು 1996ರಲ್ಲಿ ದೇಶಮಟ್ಟದ ಈ ಕಾರ್ಯಕ್ರಮ ಶುರುವಾಯಿತು. 'ಮನೋಚೈತನ್ಯ' ಯೋಜನೆಯಲ್ಲಿ ತಾಲ್ಲೂಕು ಆಸ್ಪತ್ರೆಗಳಿಗೆ ಮಂಗಳವಾರ ಮನೋವೈದ್ಯರು ಬರುವ ಏರ್ಪಾಡಿದೆ. ನಿಮ್ಮ ತಾಲ್ಲೂಕಿನಲ್ಲಿ ಯಾವ ಮಂಗಳವಾರ ಅಂತ ವಿಚಾರಿಸಿಕೊಂಡು ಹೋಗಿ, ಬಸ್ ಚಾರ್ಜು ವ್ಯರ್ಥ ಆಗುವುದಿಲ್ಲ. ಉತ್ತರ ಕರ್ನಾಟಕದವರಿಗೆ ಧಾರವಾಡದ ಸರ್ಕಾರಿ ಮಾನಸಿಕ ಆಸ್ಪತ್ರೆ ಡಿಮ್ಹಾನ್ಸ್ ದೊಡ್ಡ ಆಸರೆ. ಸರ್ಕಾರದ 104 ಆರೋಗ್ಯ ಸಹಾಯವಾಣಿಯಲ್ಲೂ ವಿಚಾರಿಸಬಹುದು.

'ಮೆಂಟಲ್ ಡಾಕ್ಟರ ಹತ್ತಿರ ಹೋದರು' ಅಂತ ಊರವರು ಆಡಿಕೊಳ್ಳುತ್ತಾರೆ ಅನ್ನುವ ಭಯ ಬಹಳ ಜನರಿಗಿದೆ. ಜನರಲ್ ಡಾಕ್ಟರ ಹತ್ತಿರವೇ ಮೊದಲು ಹೋಗಿ, 'ಸಾವಾಗಿದೆ, ಆವತ್ತಿಂದ ಹೀಗೆ' ಅಂತ ಹೇಳಿದರೂ ದಾರಿ ಆಗುತ್ತದೆ. ಅವರು ಎಲ್ಲಿಗೆ ಕಳಿಸಬೇಕೋ ಕಳಿಸುತ್ತಾರೆ.

ಬೆಂಗಳೂರಿನಲ್ಲಿ?

ನಿಮ್ಹಾನ್ಸ್ ಇದ್ದೇ ಇದೆ. ಹೊಸೂರು ರಸ್ತೆಯ ದೊಡ್ಡ ಆಸ್ಪತ್ರೆಗೆ ಹೋಗಲು ಹಿಂಜರಿಕೆಯಾದರೆ ಬಿಟಿಎಂ ಲೇಔಟ್‌ನಲ್ಲಿ ಅವರದೇ ಸೆಂಟರ್ ಫಾರ್ ವೆಲ್‌ಬೀಯಿಂಗ್ ಇದೆ. ಕಾಯಿಲೆ ಅಂತಲ್ಲ, ಮನಸ್ಸಿಗೆ ಕಷ್ಟವಾಗಿದೆ ಅಂತ ಬರುವವರಿಗೆ ಅದು. ಮೊದಲೇ ಫೋನ್ ಮಾಡಿ ಸಮಯ ತೆಗೆದುಕೊಳ್ಳಿ.

ಕ್ಯಾನ್ಸರ್‌ನಿಂದ ತೀರಿಕೊಂಡವರ ಮನೆಯವರು ಕೊನೆಯ ದಿನಗಳಲ್ಲಿ ಶುಶ್ರೂಷೆ ಮಾಡಿದ ತಂಡಕ್ಕೇ ಫೋನ್ ಮಾಡಿ. ನೋವು ಶಮನದ ಆರೈಕೆ ಅಂದರೆ ರೋಗಿಯ ಜೊತೆಗೆ ಮನೆಯವರ ದುಃಖವನ್ನೂ ನೋಡಿಕೊಳ್ಳುವುದು ಅಂತಲೇ ಅರ್ಥ. ಕರುಣಾಶ್ರಯದಂಥ, ಗುಣವಾಗದ ಕಾಯಿಲೆಯವರನ್ನು ಕೊನೆಯ ದಿನಗಳಲ್ಲಿ ನೋಡಿಕೊಳ್ಳುವ ಹಾಸ್ಪೈಸ್‌ಗಳಲ್ಲಿ ಈ ಕೆಲಸ ಮಾಡುವ ಸಮಾಲೋಚಕರು ನಿಮ್ಮವರ ಹೆಸರನ್ನೂ ನೆನಪಿಟ್ಟಿರುತ್ತಾರೆ. ಹೊಸಬರಿಗೆ ಎಲ್ಲ ಮೊದಲಿಂದ ಹೇಳುವ ಶ್ರಮ ಇರುವುದಿಲ್ಲ.

ಖಾಸಗಿ ಸಮಾಲೋಚಕರನ್ನು ಹೇಗೆ ಆರಿಸಿಕೊಳ್ಳಲಿ?

ಕ್ಲಿನಿಕಲ್ ಸೈಕಾಲಜಿಸ್ಟ್ ಆಗಿದ್ದರೆ ಭಾರತೀಯ ಪುನರ್ವಸತಿ ಪರಿಷತ್ತಿನ ನೋಂದಣಿ ಸಂಖ್ಯೆ ಇರಬೇಕು. ಕೇಳಿ, ಕೇಳುವುದು ತಪ್ಪಲ್ಲ. 'ಸಾವಿನ ದುಃಖದಲ್ಲಿರುವವರ ಜೊತೆ ಕೆಲಸ ಮಾಡಿದ್ದೀರಾ? ಕನ್ನಡದಲ್ಲಿ ಮಾತಾಡುತ್ತೀರಾ? ಫೀಸ್ ಎಷ್ಟು?' ಈ ಮೂರನ್ನು ಫೋನಿನಲ್ಲೇ ಕೇಳಿ. ದುಃಖ ಮಾತೃಭಾಷೆಯಲ್ಲೇ ಸರಿಯಾಗಿ ಹೊರಬರುವುದು. ಇಂಗ್ಲಿಷ್ ಚೆನ್ನಾಗಿ ಬಲ್ಲವರೂ ಅಮ್ಮನ ಬಗ್ಗೆ ಇಂಗ್ಲಿಷಿನಲ್ಲಿ ಅಳಲಾರರು.

ಮೊದಲ ಭೇಟಿಯಲ್ಲೇ 'ಇಷ್ಟು ಸಿಟ್ಟಿಂಗ್‌ಗೆ ಗ್ಯಾರಂಟಿ' ಅನ್ನುವವರು, ಹೋದವರ ಜೊತೆ ಮಾತಾಡಿಸುತ್ತೇವೆ ಅನ್ನುವವರು ಬೇಡ. ಆರೋಗ್ಯ ವಿಮೆ ಇದ್ದರೆ ಪಾಲಿಸಿ ನೋಡಿ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ದೇಹದ ಕಾಯಿಲೆಯ ಹಾಗೇ ಮನಸ್ಸಿನ ಕಾಯಿಲೆಗೂ ವಿಮೆ ಇರಬೇಕು ಅನ್ನುತ್ತದೆ. ಹೊರರೋಗಿ ಸಮಾಲೋಚನೆಗೆ ದುಡ್ಡು ಬರುವುದು ಮಾತ್ರ ಆಯಾ ಪಾಲಿಸಿಯ ಮೇಲೆ.

ನಮ್ಮ ಮನೆಯವರು ಆತ್ಮಹತ್ಯೆ ಮಾಡಿಕೊಂಡರು. ಯಾರಿಗೂ ಮುಖ ತೋರಿಸಲು ಆಗುತ್ತಿಲ್ಲ.

ಈ ದುಃಖದ ಜೊತೆ ಬೇರೆ ಸಾವುಗಳಲ್ಲಿ ಇಲ್ಲದ ಹೊರೆ ಬರುತ್ತದೆ. ಪೊಲೀಸರು ಅಸಹಜ ಸಾವು ಅಂತ ದಾಖಲಿಸುತ್ತಾರೆ, ಹೇಳಿಕೆ ತೆಗೆದುಕೊಳ್ಳುತ್ತಾರೆ, ಮರಣೋತ್ತರ ಪರೀಕ್ಷೆ ಆಗುತ್ತದೆ. ಅದು ಇಂಥ ಸಾವಾದ ಎಲ್ಲ ಮನೆಯಲ್ಲೂ ನಡೆಯುವ ಕಾನೂನಿನ ಕ್ರಮ. ನಿಮ್ಮ ಮೇಲೆ ಅನುಮಾನ ಅಂತ ಅಷ್ಟಕ್ಕೇ ತಿಳಿಯಬೇಡಿ. ಆಮೇಲೆ ಊರ ಮಾತು. 'ಏನಾಯ್ತಂತೆ, ಯಾಕಂತೆ' ಅಂತ ಕೇಳುವವರಿಗೆ ಉತ್ತರ ಕೊಡುವ ಬಾಧ್ಯತೆ ನಿಮಗಿಲ್ಲ. 'ಅವರು ಹೋಗಿಬಿಟ್ಟರು, ಅದರ ಬಗ್ಗೆ ಈಗ ಮಾತಾಡಲ್ಲ' ಅಂದರೆ ಆಯಿತು.

ಎಲ್ಲಕ್ಕಿಂತ ಕಾಡುವುದು 'ಆವತ್ತು ನಾನು ಫೋನ್ ಎತ್ತಿದ್ದರೆ' ಅನ್ನುವ ಯೋಚನೆ. ಒಂದು ಆತ್ಮಹತ್ಯೆಯ ಹಿಂದೆ ಹಲವು ಕಾರಣ ಹೆಣೆದುಕೊಂಡಿರುತ್ತವೆ. ಆವತ್ತು ನಿಮಗೆ ಗೊತ್ತಿದ್ದಷ್ಟರಲ್ಲಿ ನೀವು ನಡೆದುಕೊಂಡಿರಿ. ಇವತ್ತು ಗೊತ್ತಾದದ್ದನ್ನು ಇಟ್ಟುಕೊಂಡು ಆವತ್ತಿನ ನಿಮ್ಮನ್ನು ದೂರಬೇಡಿ. ಹೀಗೆ ಕಳೆದುಕೊಂಡವರಿಗೇ ಆತ್ಮಹತ್ಯೆಯ ಯೋಚನೆ ಬರುವ ಅಪಾಯ ಹೆಚ್ಚು. ಅದಕ್ಕೇ ನಿಮ್ಮ ಮನೆಯಲ್ಲಿ ಸಮಾಲೋಚನೆಯನ್ನು ಮುಂದೂಡುವುದು ಬೇಡ ಅಂತ ಕೈಮುಗಿದು ಕೇಳುತ್ತೇನೆ. ಕೀಟನಾಶಕ, ಹಳೆಯ ಮಾತ್ರೆಗಳನ್ನು ಇವತ್ತೇ ಮನೆಯಿಂದ ಸಾಗಿಸಿ.

ಹೊಟ್ಟೆಯಲ್ಲೇ ಮಗು ಹೋಯಿತು. 'ಇನ್ನೊಂದು ಆಗುತ್ತೆ ಬಿಡು' ಅನ್ನುತ್ತಾರೆ.

ಹೋಗಿದ್ದು ಆ ಮಗು. ಇನ್ನೊಂದು ಬಂದರೂ ಇದರ ದುಃಖ ಇದರದ್ದೇ. ಹೆಸರಿಟ್ಟಿದ್ದರೆ ಆ ಹೆಸರು ಹೇಳಿ. ಗಂಡನಿಗೂ ದುಃಖ ಇದೆ, ಅವರನ್ನೂ ಯಾರಾದರೂ ಕೇಳಬೇಕು. ಕೆಲಸಕ್ಕೆ ಹೋಗುವವರು ಇದನ್ನು ತಿಳಿದಿರಿ: 1961ರ ಹೆರಿಗೆ ಸೌಲಭ್ಯ ಕಾಯ್ದೆಯ ಕಾಲದಿಂದಲೂ ಗರ್ಭಪಾತವಾದರೆ 6 ವಾರ ಸಂಬಳ ಸಹಿತ ರಜೆಯ ಹಕ್ಕಿದೆ. ಡಾಕ್ಟರ ಸರ್ಟಿಫಿಕೇಟ್ ತೆಗೆದಿಟ್ಟುಕೊಳ್ಳಿ.

ಮಕ್ಕಳಿಗೆ ಹೇಗೆ ಹೇಳುವುದು?

ನೇರವಾಗಿ, ಚಿಕ್ಕದಾಗಿ. 'ಅಜ್ಜ ಸತ್ತುಹೋದರು. ಅವರ ಮೈ ಕೆಲಸ ನಿಲ್ಲಿಸಿತು. ಇನ್ನು ವಾಪಸ್ ಬರಲ್ಲ.' ಮಲಗಿದ್ದಾರೆ ಅಂದರೆ ಮಗು ಮಲಗಲು ಹೆದರುತ್ತದೆ. ಊರಿಗೆ ಹೋಗಿದ್ದಾರೆ ಅಂದರೆ ಬಾಗಿಲು ಕಾಯುತ್ತದೆ. ಐದಾರು ವರ್ಷದ ಮಗು ಕೇಳಿದ್ದನ್ನೇ ಹತ್ತು ಸಲ ಕೇಳಿ, ಆಮೇಲೆ ಆಟಕ್ಕೆ ಓಡಬಹುದು. ಅದು ಮರೆತಿದೆ ಅಂತಲ್ಲ, ಮಕ್ಕಳ ದುಃಖ ಬಿಟ್ಟು ಬಿಟ್ಟು ಬರುತ್ತದೆ. 'ನಾನು ಹಠ ಮಾಡಿದ್ದಕ್ಕೆ ಅಮ್ಮ ಹೋದಳಾ?' ಅನ್ನುವ ಭಯ ಮಕ್ಕಳಲ್ಲಿ ಸಾಮಾನ್ಯ. ಅದು ಕೇಳುವ ಮೊದಲೇ ನೀವೇ 'ನಿನ್ನಿಂದ ಆಗಿದ್ದಲ್ಲ' ಅಂತ ಹೇಳಿಬಿಡಿ. ಕ್ಲಾಸ್ ಟೀಚರಿಗೆ ವಿಷಯ ತಿಳಿಸಿ. ಅಪ್ಪ ಅಮ್ಮ ಇಬ್ಬರೂ ಇಲ್ಲದೆ ನೋಡಿಕೊಳ್ಳುವವರಿಲ್ಲದಿದ್ದರೆ ಮಕ್ಕಳ ಸಹಾಯವಾಣಿ 1098.

ಅಮ್ಮ ಹೋದ ಮೇಲೆ ಅಪ್ಪ ಮಾತೇ ಆಡುತ್ತಿಲ್ಲ. ಸಂಜೆ ಕುಡಿತ ಶುರುವಾಗಿದೆ.

'ಕೌನ್ಸೆಲಿಂಗ್‌ಗೆ ಬನ್ನಿ ಅಪ್ಪಾ' ಅಂದರೆ ಬರುವವರು ಕಡಿಮೆ. 'ಬಿಪಿ ಚೆಕ್ ಮಾಡಿಸೋಣ ಬನ್ನಿ' ಅಂದರೆ ಬರುತ್ತಾರೆ. ಆ ಡಾಕ್ಟರಿಗೆ ನೀವು ಮೊದಲೇ ವಿಷಯ ಹೇಳಿಡಿ. ಎದುರಾಎದುರು ಕೂತು ಮಾತಾಡಿಸುವುದಕ್ಕಿಂತ ಜೊತೆಗೆ ನಡೆಯುವಾಗ, ತೋಟದಲ್ಲಿ ಕೆಲಸ ಮಾಡುವಾಗ ಮಾತು ಬರುತ್ತದೆ. ಅಮ್ಮನ ವಿಷಯ ನೀವೇ ತೆಗೆಯಿರಿ. ನೋವಾಗುತ್ತದೆ ಅಂತ ಮನೆಯವರೆಲ್ಲ ಹೆಸರೆತ್ತದೆ ಇದ್ದರೆ ಅವರು ಇನ್ನೂ ಒಂಟಿಯಾಗುತ್ತಾರೆ.

ಗಂಡ ಹೋದ ಮೇಲೆ ಬಳೆ, ಕುಂಕುಮ ತೆಗೆಯಲು ಒತ್ತಾಯ ಮಾಡುತ್ತಿದ್ದಾರೆ.

ಬೇಡ ಅನ್ನುವ ಹಕ್ಕು ನಿಮ್ಮದು. ಜೀವದ ಭಾಗವೇ ಹೋಗಿರುವ ಹೆಣ್ಣುಮಗಳನ್ನು ಕೂರಿಸಿ ಎಲ್ಲರೆದುರು ಬಳೆ ಒಡೆಯುವುದು ಕ್ರೌರ್ಯ, ಬೇರೆ ಮಾತಿಲ್ಲ. ಕರ್ನಾಟಕದ ಗಡಿಗೆ ಹತ್ತಿರದ, ಕೊಲ್ಲಾಪುರ ಜಿಲ್ಲೆಯ ಹೇರವಾಡ ಗ್ರಾಮ ಪಂಚಾಯಿತಿ 2022ರ ಮೇ ತಿಂಗಳಲ್ಲಿ ಈ ಪದ್ಧತಿಗಳನ್ನು ನಿಲ್ಲಿಸಲು ನಿರ್ಣಯ ಮಾಡಿತು. ಮಂಗಳೂರಿನ ಕುದ್ರೋಳಿ ಗೋಕರ್ಣನಾಥ ದೇವಸ್ಥಾನದಲ್ಲಿ 2013ರಲ್ಲೇ ಇಬ್ಬರು ವಿಧವೆಯರನ್ನು ಅರ್ಚಕರನ್ನಾಗಿ ನೇಮಿಸಿದರು. ಮನೆಯಲ್ಲಿ ನಿಮ್ಮ ಪರ ನಿಲ್ಲುವ ಒಬ್ಬರನ್ನು ಮೊದಲೇ ಹುಡುಕಿ, ಮಗಳೋ ಸೊಸೆಯೋ ಅಣ್ಣನೋ. ಮುಸ್ಲಿಂ ಮನೆಗಳಲ್ಲಿ ಇದ್ದತ್‌ನ ನಾಲ್ಕು ತಿಂಗಳು ಹತ್ತು ದಿನ ಹೊರಗೆ ಹೋಗದೆ ಇರುವವರು ಫೋನಿನಲ್ಲೇ ಸಮಾಲೋಚನೆ ಪಡೆಯಬಹುದು.

ನಾನು ಅಮೆರಿಕದಲ್ಲಿದ್ದೇನೆ. ಅಪ್ಪನ ಮುಖ ನೋಡಲು ಆಗಲಿಲ್ಲ.

ವಿಡಿಯೋ ಕಾಲ್‌ನಲ್ಲಿ ಅಂತ್ಯಕ್ರಿಯೆ ನೋಡಿದವರ ನೋವು ಬೇರೆಯೇ. ಅಲ್ಲಿ ಸುತ್ತ ಯಾರಿಗೂ ನಿಮ್ಮಪ್ಪ ಗೊತ್ತಿಲ್ಲ, ಸೋಮವಾರ ಮೀಟಿಂಗ್ ಇದ್ದೇ ಇರುತ್ತದೆ. ತಡವಾದರೂ ನಿಮ್ಮದೇ ಒಂದು ವಿದಾಯ ಮಾಡಿಕೊಳ್ಳಿ, ಕನ್ನಡದ ಸ್ನೇಹಿತರನ್ನು ಕರೆದು ಅಪ್ಪನ ಫೋಟೋ ಇಟ್ಟು, ಅವರ ಕಥೆಗಳನ್ನು ಹೇಳಿ. ಅಮೆರಿಕದಲ್ಲಿ ಇಂಥ ಸಂಕಟಕ್ಕೆಂದೇ ಇರುವ ಸಹಾಯವಾಣಿ 988ಕ್ಕೆ ಯಾವ ಹೊತ್ತಿಗೂ ಫೋನ್ ಮಾಡಬಹುದು. ಅಲ್ಲಿಯ ಹಾಸ್ಪೈಸ್‌ಗಳನ್ನೂ ಕೇಳಿ ನೋಡಿ, ದುಃಖದ ಗುಂಪುಗಳನ್ನು ನಡೆಸುವಂಥವು ಹಲವಿವೆ. ಬ್ರಿಟನ್ನಿನಲ್ಲಿ ಕ್ರೂಸ್ ಅನ್ನುವ ಸಂಸ್ಥೆ 1959ರಿಂದ ಇದೇ ಕೆಲಸ ಮಾಡುತ್ತಿದೆ.

ಅವರ ಬಟ್ಟೆ, ಮೊಬೈಲ್ ಏನು ಮಾಡಲಿ?

ಬಟ್ಟೆ ಕೊಡಲು ಅವಸರ ಬೇಡ. ಸಹಾಯ ಮಾಡಲು ಬಂದವರು ಬೀರು ಖಾಲಿ ಮಾಡಲು ಹೊರಟರೆ ತಡೆಯಿರಿ. ಮೊಬೈಲ್ ವಿಷಯದಲ್ಲಿ ಮಾತ್ರ ಬೇಗ ಮಾಡಿ. ಮೂರು ತಿಂಗಳು ಬಳಸದೆ ಬಿಟ್ಟ ನಂಬರನ್ನು ಕಂಪನಿ ನಿಲ್ಲಿಸಿ ಬೇರೆಯವರಿಗೆ ಕೊಡಬಹುದು. ಅಪ್ಪನ ನಂಬರಿಂದ ಯಾರೋ ಅಪರಿಚಿತರ ಡಿಪಿ ಕಾಣಿಸಿದರೆ ಆಗುವ ಸಂಕಟ ಅಷ್ಟಿಷ್ಟಲ್ಲ. ವಾಟ್ಸ್ಆ್ಯಪ್‌ನ ವಾಯ್ಸ್ ಮೆಸೇಜುಗಳನ್ನು, ಫೋಟೋಗಳನ್ನು ಬೇರೆ ಕಡೆ ಉಳಿಸಿಕೊಳ್ಳಿ. ಬ್ಯಾಂಕಿನ ಒಟಿಪಿ ಬರುವುದೂ ಅದೇ ನಂಬರಿಗೆ, ಅದಕ್ಕೂ ಸ್ವಲ್ಪ ದಿನ ರೀಚಾರ್ಜ್ ಮಾಡಿಡಿ.

ಕಾಗದಪತ್ರದ ಓಡಾಟ ತಡೆಯಲಾಗುತ್ತಿಲ್ಲ.

ಮರಣ ನೋಂದಣಿಗೆ 21 ದಿನದ ಗಡುವಿದೆ. ಪ್ರಮಾಣಪತ್ರದ ಪ್ರತಿಗಳನ್ನು ಜಾಸ್ತಿ ತೆಗೆದುಕೊಳ್ಳಿ, ಬ್ಯಾಂಕು, ವಿಮೆ, ಪಿಂಚಣಿ ಎಲ್ಲಕ್ಕೂ ಬೇಕು. ಪೌತಿ ಖಾತೆಯಂಥ ಜಮೀನಿನ ಕೆಲಸ ಒಂದೆರಡು ತಿಂಗಳು ತಡವಾದರೆ ಏನೂ ಮುಳುಗುವುದಿಲ್ಲ. ಈ ಓಡಾಟವನ್ನು ಸಂಬಂಧಿಕರಲ್ಲಿ ಒಬ್ಬರಿಗೆ ಹೆಸರು ಹಿಡಿದು ವಹಿಸಿ. ಆಸ್ತಿ, ಒಡವೆ ವಿಷಯದಲ್ಲಿ ಮೊದಲ ತಿಂಗಳುಗಳಲ್ಲಿ ಯಾವ ಕಾಗದಕ್ಕೂ ಓದದೆ ಸಹಿ ಹಾಕಬೇಡಿ.

ಸ್ನೇಹಿತೆಯ ಮನೆಯಲ್ಲಿ ಸಾವಾಗಿದೆ. ಏನು ಹೇಳಲಿ, ಏನು ಮಾಡಲಿ?

ಹೋಗಿ, ಪಕ್ಕದಲ್ಲಿ ಕೂರಿ. 'ಧೈರ್ಯ ತಂದುಕೋ', 'ಎಲ್ಲಾ ವಿಧಿ', 'ವಯಸ್ಸಾಗಿತ್ತಲ್ವಾ' ಬೇಡ. 'ಏನು ಹೇಳಬೇಕೋ ಗೊತ್ತಾಗ್ತಿಲ್ಲ, ಜೊತೆಗಿರ್ತೀನಿ' ಅಂದರೆ ಸಾಕು. ಹೋದವರ ಬಗ್ಗೆ ನಿಮಗೆ ನೆನಪಿರುವ ಒಂದು ಸಣ್ಣ ಸಂಗತಿ ಹೇಳಿ. ಅದನ್ನು ಅವರು ಬಹಳ ಕಾಲ ಇಟ್ಟುಕೊಳ್ಳುತ್ತಾರೆ. 'ಏನಾದರೂ ಬೇಕಾದರೆ ಹೇಳು' ಅಂದರೆ ಯಾರೂ ಹೇಳುವುದಿಲ್ಲ. 'ಬುಧವಾರ ರಾತ್ರಿ ಚಪಾತಿ ಪಲ್ಯ ತರ್ತೀನಿ', 'ಬ್ಯಾಂಕಿಗೆ ನಾನು ಬರ್ತೀನಿ' ಅಂತ ನೀವೇ ಹೇಳಿ. ಮೊದಲ ಮಾಸಿಕ, ಆರು ತಿಂಗಳು, ವರ್ಷಾಬ್ದಿಕದ ದಿನಾಂಕಗಳನ್ನು ನಿಮ್ಮ ಫೋನಿನಲ್ಲಿ ಹಾಕಿಟ್ಟುಕೊಳ್ಳಿ. ಅವತ್ತು ಫೋನ್ ಮಾಡಿ. ಎತ್ತಲಿಲ್ಲ ಅಂದರೆ ಮೆಸೇಜ್ ಹಾಕಿ, ಮಾರನೇ ದಿನ ಮನೆಗೇ ಹೋಗಿ.